ಹಿಮದಲ್ಲಿ ಕಾಯುವ ಪಾಳಿ ಯಾರದ್ದು?

ಬಸ್ ಡಿಪೋದ ಮೊದಲ ಮಹಡಿಯಲ್ಲಿ, ಡೀಸೆಲ್ ವಾಸನೆ ಮೆಟ್ಟಿಲು ಹತ್ತಿ ಬಂದು ಸೇರುವ ಒಂದು ಕೋಣೆ. ಒಂದು ಮೇಜು, ಮೂರು ಬಣ್ಣದ ಪೆನ್ನು, ಗೋಡೆಯುದ್ದಕ್ಕೂ ಚೌಕಳಿ ಕಾಗದ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತು ಡ್ರೈವರುಗಳ ಪಾಳಿಪಟ್ಟಿ ಬರೆಯುವ ಹೆಂಗಸನ್ನು ಎಲ್ಲರೂ ಪಾಳಿಯಮ್ಮ ಎಂದೇ ಕರೆಯುತ್ತಾರೆ. ನೂರ ನಲವತ್ತು ಡ್ರೈವರುಗಳಲ್ಲಿ ನಾಳೆ ಬೆಳಿಗ್ಗೆ ಯಾರು ಯಾವ ಬಸ್ಸು ಹತ್ತಬೇಕು, ಯಾರಿಗೆ ರಜೆ, ಯಾರ ನೆಂಟರ ಮದುವೆ ನಿಜ, ಯಾರದ್ದು ಸುಳ್ಳು, ಎಲ್ಲ ಅವಳಿಗೆ ಗೊತ್ತು. ಪೊದೆಮೀಸೆಯ ಹಿರಿಯ ಡ್ರೈವರುಗಳೂ ಆ ಬಾಗಿಲ ಹತ್ತಿರ ಬಂದಾಗ ಬೂಟಿನ ಸಪ್ಪಳ ಕಡಿಮೆ ಮಾಡುತ್ತಾರೆ.

ಡಿಪೋದಲ್ಲಿ ಯಾರಿಗೂ ಬೇಡದ ಪಾಳಿ ಒಂದಿದೆ. ಕಾಯುವ ಪಾಳಿ. ಯಾರಾದರೂ ಕೈಕೊಟ್ಟರೆ ಆ ಬಸ್ಸು ಹತ್ತಲು ಒಬ್ಬ ಡ್ರೈವರು ಸಮವಸ್ತ್ರ ತೊಟ್ಟು ಬೆಂಚಿನ ಮೇಲೆ ಸಿದ್ಧವಾಗಿ ಕೂತಿರಬೇಕು. ಓಡಿಸಲು ಬಸ್ಸೂ ಇಲ್ಲ, ಮನೆಗೂ ಹೋಗುವಂತಿಲ್ಲ. ಎಂಟು ಗಂಟೆ ಹಾಗೆ ಕೂತು ಮನೆಗೆ ಹೋದವನನ್ನು "ಇವತ್ತು ಏನ್ ಮಾಡಿದ್ರಿ?" ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಆದರೆ ಮೈಯೆಲ್ಲ ನೋಯುತ್ತಿರುತ್ತದೆ. ಹಿಂದೆ ಈ ಪಾಳಿ ಬಾಯಿಲ್ಲದವರ ತಲೆಗೇ ಬೀಳುತ್ತಿತ್ತು. ಪಾಳಿಯಮ್ಮ ಬಂದ ಮೊದಲ ತಿಂಗಳೇ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು: ಯಾರಿಗೂ ಸಾಲಾಗಿ ಎರಡು ದಿನ ಕಾಯುವ ಪಾಳಿ ಇಲ್ಲ.

ಇಂಥ ನಿಯಮ ತಂದ ಹೆಂಗಸು ಮನೆಯಲ್ಲಿ ಮೂವತ್ತೆರಡು ವರ್ಷದಿಂದ ಒಂದು ದಿನವೂ ಬಿಡುವಿಲ್ಲದೆ ಕಾಯುವ ಪಾಳಿಯಲ್ಲಿದ್ದಳು. ಸಮುದ್ರಕ್ಕೆ ಹೋದಾಗ ಎಲ್ಲರ ಚಪ್ಪಲಿ, ಕೈಗಡಿಯಾರ, ಕನ್ನಡಕ ಕಾದಳು. ಜಲಪಾತಕ್ಕೆ ಹೋದಾಗ ಒಣಬಟ್ಟೆ ಕಾದಳು. ಕೋಟೆ ನೋಡಲು ಹೋದಾಗ ಕೋಟೆಯ ಬುಡದಲ್ಲಿ ಅತ್ತೆಯ ಮಂಡಿ ಕಾದಳು. ಆ ಕೋಟೆಯೊಳಗೆ ಒಂದು ಕೊಳ ಇದೆಯೆಂದು ಅವಳಿಗೆ ತಿಳಿದದ್ದು ಮಗನ ಶಾಲೆಯ ಪ್ರಬಂಧ ತಿದ್ದುವಾಗ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಸೊಸೆ ಕೇಳಿದಳು: "ಈ ಸಲ ರಜೆಗೆ ಎಲ್ಲರೂ ಹಿಮದ ಬೆಟ್ಟಕ್ಕೆ ಹೋಗೋಣ್ವಾ? ನಾಲ್ಕು ದಿನ. ಸ್ಕೀ ಮಾಡೋಣ."

ಸೊಸೆ ಹಲ್ಲಿನ ಡಾಕ್ಟರು. ಮದುವೆಗೆ ಮುಂಚೆ ಪ್ರತಿ ಚಳಿಗಾಲ ಸ್ಕೀ ಮಾಡುತ್ತಿದ್ದವಳು. ಮಗಳು ಹುಟ್ಟಿದ ಮೇಲೆ ಆರು ವರ್ಷದಿಂದ ಹಿಮದಲ್ಲಿ ಜಾರುವ ಹಲಗೆ ಮುಟ್ಟಿರಲಿಲ್ಲ. ಆ ಮಗಳ ಅಡ್ಡಹೆಸರು ಬುಗುರಿ. ಯಾಕೆ ಎನ್ನುವುದು ಅವಳನ್ನು ಎರಡು ನಿಮಿಷ ನೋಡಿದರೆ ಸಾಕು, ತಿಳಿಯುತ್ತದೆ.

"ಒಳ್ಳೇ ಯೋಚನೆ!" ಎಂದರು ಮೇಷ್ಟ್ರು. ಅಂದರೆ ಪಾಳಿಯಮ್ಮನ ಗಂಡ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವರು. "ಹಿಮ ಅಂದ್ರೇನು ಅಂತ ಪುಸ್ತಕದಲ್ಲಿ ಓದಿದ್ರೆ ಸಾಲ್ದು. ಅದರಲ್ಲೇ ಏಳು ಬಗೆ ಇದೆ."

"ಅಜ್ಜಿ ಏನ್ ಮಾಡ್ತಾರೆ ಅಲ್ಲಿ?" ಎಂದ ಮಗ. ಕನ್ನಡಕದ ಅಂಗಡಿ ಇಟ್ಟಿರುವ ಅವನಿಗೆ ಹತ್ತಿರದ್ದೂ ದೂರದ್ದೂ ಎಲ್ಲ ಕಾಣುತ್ತದೆ, ಮನೆಯೊಳಗಿನದು ಮಾತ್ರ ಸ್ವಲ್ಪ ಮಸುಕು.

"ಅಮ್ಮನ ಜೊತೆ ಇವಳಿರ್ತಾಳಲ್ಲ," ಎಂದರು ಮೇಷ್ಟ್ರು, ಹೆಂಡತಿಯ ಕಡೆ ಬೆಣ್ಣೆಚೂರಿ ತೋರಿಸಿ. "ಬುಗುರೀನೂ ನೋಡ್ಕೋತಾಳೆ. ಹಂಗೇ ಆ ಬುಕಿಂಗು, ಬಟ್ಟೆ, ಫಾರಂ ಅದೂ ಇದೂ. ಅವಳಿಗೆ ಅದೆಲ್ಲ ಎಡಗೈ ಕೆಲಸ."

ಮೂಲೆಯ ಕುರ್ಚಿಯಲ್ಲಿ ಟೆಲಿಫೋನಜ್ಜಿ ಕೂತಿದ್ದರು. ಇವರು ಮೇಷ್ಟ್ರ ತಾಯಿ. ಎಪ್ಪತ್ತಾರು ವರ್ಷ. ದೂರವಾಣಿ ಕಚೇರಿಯಲ್ಲಿ ಮೂವತ್ತು ವರ್ಷ ಊರಿನವರ ಮಾತನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜೋಡಿಸಿಕೊಟ್ಟವರು. ಎಡಮಂಡಿ ಕೈಕೊಟ್ಟಿದೆ, ಕಿವಿ ಇನ್ನೂ ಸರ್ಕಾರಿ ನೌಕರಿಯಲ್ಲೇ ಇದೆ.

ಸೊಸೆ ಫೋನಿನಲ್ಲಿ ಆ ಜಾಗದ ವಿಡಿಯೊ ತೋರಿಸಿದಳು. ಹಾರುವ ಹುಡುಗರು, ಹಿಮದ ದೂಳು. ಕೊನೆಯಲ್ಲಿ, ಹೊಸಬರ ಇಳಿಜಾರಿನಲ್ಲಿ, ನರೆತಲೆಯ ದಪ್ಪಗಿನ ಹೆಂಗಸೊಬ್ಬಳು ಬಾಯಿ ತೆರೆದುಕೊಂಡು ಜಾರಿ ಬರುತ್ತಿದ್ದಳು. ಮೂರು ಸೆಕೆಂಡು, ಅಷ್ಟೇ. ಪಾಳಿಯಮ್ಮ ಪಾತ್ರೆ ತೊಳೆದ ಮೇಲೆ ಕೈ ಒರೆಸಿಕೊಂಡು ಬಂದು ಆ ಮೂರು ಸೆಕೆಂಡನ್ನು ಇನ್ನೊಮ್ಮೆ ನೋಡಿದಳು. ಮತ್ತೆ ಇನ್ನೊಮ್ಮೆ. ಏಳು ವರ್ಷದವಳಿದ್ದಾಗ, ಕಟ್ಟುತ್ತಿದ್ದ ಶಾಲೆಯ ಹಿಂದೆ ಮರಳಗುಡ್ಡೆಯ ಮೇಲಿಂದ ಡಬ್ಬದ ತಗಡಿನಲ್ಲಿ ಕೂತು ಜಾರಿದ್ದು ನೆನಪಾಯಿತು. ಹೊಟ್ಟೆಯೊಳಗೆ ಏನೋ ಹಿಂದೆಯೇ ಉಳಿದು ಆಮೇಲೆ ಓಡಿಬಂದು ಸೇರಿಕೊಂಡಿತ್ತು. ಅದಾದ ಮೇಲೆ ಅವಳು ಯಾವುದರ ಮೇಲಿಂದಲೂ ಜಾರಿರಲಿಲ್ಲ.

ಒಂದು ಸಲ, ಎಂದುಕೊಂಡಳು. ಒಂದೇ ಒಂದು ಸಲ ಮೇಲಿಂದ ಕೆಳಕ್ಕೆ.

ಸ್ಕೀ ಶಾಲೆಯಿಂದ ಆರು ಫಾರಂ ಬಂದವು, ಜೊತೆಗೆ ಬಿಡಿಯಾಗಿ ಇನ್ನೊಂದು. ಎತ್ತರ, ತೂಕ, ಪಾದದ ಅಳತೆ, ಪಾಠ ಬೇಕೇ, ವಿಶೇಷ ಸೂಚನೆ. ಎಲ್ಲಕ್ಕಿಂತ ಮುಖ್ಯವಾಗಿ ದರ್ಜೆ: ಏನೂ ಬಾರದವರು ಒಂದು, ಪಳಗಿದವರು ಐದು. ಅದನ್ನು ನೋಡಿಯೇ ಬೂಟು, ಹಲಗೆ, ಪಾಠದ ತಂಡ ಗೊತ್ತುಮಾಡುತ್ತಾರೆ. ಪಾಳಿಯಮ್ಮ ಪೆನ್ನು ಹಿಡಿದು ಕೂತಳು.

"ನಂಗೆ ನಾಲ್ಕು ಬರ್ಕೋ," ಎಂದರು ಮೇಷ್ಟ್ರು.

"ನೀವು ಸ್ಕೀ ಮಾಡಿದ್ದು ಯಾವಾಗ್ರೀ?"

"ಕಾಲೇಜಲ್ಲಿ. ಎರಡು ದಿನ."

"ಅದು ಹಿಮನದಿ ನೋಡೋಕೆ ಹೋದ ಪ್ರವಾಸ ಅಲ್ವಾ?"

"ಹಿಮದ ಮೇಲೆ ನಡೆದಿದ್ದೆ. ತತ್ವ ಒಂದೇ."

"ನಂಗೂ ನಾಲ್ಕು," ಎಂದ ಮಗ. ಅಪ್ಪನಿಗಿಂತ ಕಡಿಮೆ ಹೇಳುವುದು ಹೇಗೆ?

ಸೊಸೆ ಗಂಡನ ಕಡೆ ಒಮ್ಮೆ ನೋಡಿ, "ನಂಗೆ ಎರಡು ಹಾಕಿ ಅತ್ತೆ. ಬಿಟ್ಟು ತುಂಬಾ ದಿನ ಆಯ್ತಲ್ಲ," ಎಂದಳು.

ಪಾಳಿಯಮ್ಮನ ಪೆನ್ನು ಅಲ್ಲೇ ನಿಂತಿತು. ಸೊಸೆಯ ಬೀರುವಿನ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಒಂಬತ್ತು ಪದಕಗಳಿರುವುದು ಅವಳಿಗೆ ಗೊತ್ತಿತ್ತು. ದೂಳು ಹೊಡೆಯುವವರಿಗೆ ಮನೆಯಲ್ಲಿ ಗುಟ್ಟು ಅಂತ ಏನೂ ಉಳಿಯುವುದಿಲ್ಲ.

"ಡಿಪೋದಲ್ಲಿ ನಾನು ಡ್ರೈವರನ್ನ ಯಾವತ್ತೂ 'ನೀನು ಹೇಗೆ ಓಡಿಸ್ತೀಯ' ಅಂತ ಕೇಳಲ್ಲ," ಎಂದಳು ಫಾರಂಗಳನ್ನು ಜೋಡಿಸುತ್ತಾ. "ಎಲ್ಲರೂ ರಾಜರೇ. ಪಕ್ಕದಲ್ಲಿರೋ ಕಂಡಕ್ಟರನ್ನ ಕೇಳ್ತೀನಿ. ಇಲ್ಲೂ ಅಷ್ಟೇ. ಯಾರೂ ಅವರವರದ್ದು ತುಂಬೋ ಹಾಗಿಲ್ಲ. ಚೀಟಿ ಎತ್ತಿ, ಬಂದವರದ್ದು ತುಂಬಿ. ಒಬ್ಬರು ತುಂಬಿದ್ದನ್ನ ಇನ್ನೊಬ್ಬರು ತಿದ್ದೋ ಹಾಗೂ ಇಲ್ಲ."

ಖಾಲಿ ಬಿಸ್ಕತ್ತು ಡಬ್ಬದೊಳಗೆ ಆರು ಚೀಟಿ ಬಿದ್ದವು. ಮನೆಯವರಿಗೆ ಇದು ಆಟದಂತೆ ಕಂಡಿತು. ಅರ್ಧ ಗಂಟೆ ಆ ಮನೆಯಲ್ಲಿ ಪೆನ್ನಿನ ಸದ್ದು, ಕಿಸಿಕಿಸಿ ನಗು, "ಏಯ್, ಇಣುಕಬೇಡ" ಎನ್ನುವ ಗದರಿಕೆ.

ಮೇಷ್ಟ್ರ ಫಾರಂ ತಾಯಿಗೇ ಸಿಕ್ಕಿತ್ತು. ಟೆಲಿಫೋನಜ್ಜಿ ದರ್ಜೆಯ ಜಾಗದಲ್ಲಿ ಒಂದು ಎಂದು ಬರೆದು ಸುತ್ತ ಗೆರೆ ಎಳೆದಿದ್ದರು. ವಿಶೇಷ ಸೂಚನೆ: "ಬಿದ್ದರೆ ನೆಲವನ್ನು ಬೈಯುತ್ತಾನೆ. ಚಿಕ್ಕಂದಿನಿಂದ ಹೀಗೇ." ಮಗನ ಫಾರಂ ಸೊಸೆಗೆ ಬಂದಿತ್ತು: "ದರ್ಜೆ ಎರಡು. ಎತ್ತರ ಕಂಡರೆ ಭಯ. ನಾನು ಹೇಳಿದೆನೆಂದು ಹೇಳಬೇಡಿ." ಬುಗುರಿಯ ಬಗ್ಗೆ ಅವಳ ಅಪ್ಪ ಬರೆದಿದ್ದ: "ಭಯ ಇಲ್ಲ. ಇರಬೇಕಿತ್ತು." ಸೊಸೆಯ ಚೀಟಿ ಎತ್ತಿದವಳು ಪಾಳಿಯಮ್ಮ. ದರ್ಜೆ ಐದು, ಎಂದು ಬರೆದಳು. ಒತ್ತಿ ಬರೆದಳು, ಇನ್ನೊಂದು ಬದಿಯಲ್ಲೂ ಮೂಡುವಂತೆ.

ಮುತ್ತಜ್ಜಿಯ ಫಾರಂ ಬುಗುರಿಯ ಪಾಲಿಗೆ. ಪಾದದ ಅಳತೆ ತಿಳಿಯಲು ಅವಳು ಮುತ್ತಜ್ಜಿಯ ಚಪ್ಪಲಿ ತಿರುಗಿಸಿ ಅಡಿಯಲ್ಲಿದ್ದ ಅಂಕಿ ನೋಡಿ ಬರೆದಳು, ಆರು. ದರ್ಜೆ ಒಂದು. "ಪಾಠ ಬೇಕೇ?" ಎನ್ನುವಲ್ಲಿ ಗೆರೆಯನ್ನೂ ದಾಟಿದ ದೊಡ್ಡ ಅಕ್ಷರದಲ್ಲಿ "ಹೌದು" ಎಂದು ಬರೆದು ಪಕ್ಕದಲ್ಲಿ ಒಂದು ಹೂವು.

"ಅಯ್ಯೋ, ಅಜ್ಜಿಗೆ ಪಾಠ ಯಾಕೆ? ಹೊಡೆದುಹಾಕು ಅದನ್ನ," ಎಂದ ಮಗ.

"ತಿದ್ದೋ ಹಾಗಿಲ್ಲ ಅಂದೆನಲ್ಲ," ಎಂದಳು ಪಾಳಿಯಮ್ಮ.

"ನನ್ನ ಫಾರಮ್ಮಿಗೆ ಕೈ ಹಾಕಿದ್ರೆ ಜೋಕೆ," ಎಂದರು ಟೆಲಿಫೋನಜ್ಜಿ. "ಇಡೀ ಮನೇಲಿ ನನ್ನ ಕಾಲು ನೋಡಿ ಬರೆದಿದ್ದು ಇದೊಂದೇ ಮಗು."

ಪಾಳಿಯಮ್ಮನ ಫಾರಂ ಮೇಷ್ಟ್ರ ಕೈಗೆ ಹೋಗಿತ್ತು. ಎಲ್ಲರೂ ಎದ್ದು ಹೋದ ಮೇಲೆ ಅದನ್ನು ಓದಿದಳು. ಎತ್ತರ: ನನ್ನ ಭುಜದವರೆಗೆ. ತೂಕ: ಕೇಳಿದರೆ ಬೈಯುತ್ತಾಳೆ. ಪಾದದ ಅಳತೆ: ಸಾಧಾರಣ. ದರ್ಜೆ: ಅನ್ವಯಿಸುವುದಿಲ್ಲ. ಪಾಠ ಬೇಕೇ: ಅನ್ವಯಿಸುವುದಿಲ್ಲ.

ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಮೂವತ್ತೆರಡು ವರ್ಷ ಪಕ್ಕದಲ್ಲೇ ಕೂತ ಕಂಡಕ್ಟರು, ಬಸ್ಸಿನ ಬಣ್ಣವನ್ನೂ ನೋಡಿಟ್ಟುಕೊಂಡಿರಲಿಲ್ಲ.

ತಾನೇ ತಿದ್ದಬಹುದಿತ್ತು. ಆದರೆ ನಿಯಮ ಮಾಡಿದವಳು ತಾನೇ. ಬಿಡಿ ಫಾರಂ ಒಂದನ್ನು ಗಂಡನ ಮೇಜಿನ ಮೇಲಿಟ್ಟು, "ನಂದು ಇನ್ನೊಂದ್ಸಲ ಸರಿಯಾಗಿ ತುಂಬಿಕೊಡಿ. ಪಾಠ ಬೇಕು ಅಂತ ಬರೀರಿ," ಎಂದಳು.

"ಹ್ಞೂಂ," ಎಂದರು ಮೇಷ್ಟ್ರು, ಪತ್ರಿಕೆಯ ಹಿಂದಿನಿಂದ.

ಆಮೇಲೆ ಅವಳು ಪಟ್ಟಿ ಬರೆಯಲು ಕೂತಳು. ಆರು ಜನ, ನಾಲ್ಕು ದಿನ. ಚೌಕಳಿ ಕಾಗದ, ಮೂರು ಬಣ್ಣ. ಯಾವ ಹೊತ್ತಿಗೆ ಯಾರು ಜಾರಬೇಕು, ಯಾರು ಬುಗುರಿಯ ಹಿಂದೆ ಓಡಬೇಕು, ಮೊಟ್ಟೆ ಬೇಯಿಸುವವರಾರು, ಒದ್ದೆ ಕೈಗವಸು ಒಣಹಾಕುವವರಾರು. ಹಸಿರಿನಲ್ಲಿ ಜಾರುವ ಹೊತ್ತು, ಕೆಂಪು ಬಣ್ಣದಲ್ಲಿ ಕಾಯುವ ಪಾಳಿ. ಮೊದಲ ದಿನ ತನ್ನದೇ ಹೆಸರು ಹಾಕಿಕೊಂಡಳು, ಯಾರೂ ಬೆರಳು ತೋರಿಸಬಾರದೆಂದು. ಎರಡನೇ ದಿನ ಮೇಷ್ಟ್ರು. ಮೂರನೇ ದಿನ ಮಗ. ನಾಲ್ಕನೇ ದಿನ ಸೊಸೆ. ಎರಡನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಹಸಿರು ಬಣ್ಣದಲ್ಲಿ: ಪಾಳಿಯಮ್ಮ, ಒಂದನೇ ದರ್ಜೆ, ಪಾಠ.

ಡಿಪೋದ ಪದ್ಧತಿಯಂತೆ ಪಟ್ಟಿಯನ್ನು ಮೂರು ದಿನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಗುಟ್ಟೇನೂ ಇಲ್ಲ, ಎಲ್ಲರ ಕಣ್ಣೆದುರೇ ಇತ್ತು. ಆ ಮೂರು ದಿನದಲ್ಲಿ ಫ್ರಿಜ್ಜಿನ ಬಾಗಿಲು ನೂರಾರು ಸಲ ತೆರೆಯಿತು. ಪಟ್ಟಿಯನ್ನು ಯಾರೂ ನೋಡಲಿಲ್ಲ. ನಾಲ್ಕನೇ ದಿನ ಸಹಿಗೆ ಹಿಡಿದಾಗ ಮೇಷ್ಟ್ರು, "ನೀನು ಮಾಡಿದ್ಮೇಲೆ ಸರಿಯಾಗೇ ಇರುತ್ತೆ ಬಿಡು," ಎಂದು ಹೊಗಳಿ ಸಹಿ ಹಾಕಿದರು. ಮಗ ಫೋನಿನಲ್ಲಿ ಮಾತಾಡುತ್ತಲೇ ಹಾಕಿದ. ಸೊಸೆ ಓದಿದಳು, ಮೊದಲ ದಿನ ಪೂರ್ತಿ ತನ್ನ ಹೆಸರಿನ ಮುಂದೆ ಹಸಿರು ಗೆರೆ ಕಂಡು ಅತ್ತೆಯ ಮುಖ ನೋಡಿದಳು. ಅತ್ತೆ ಕ್ಯಾಲೆಂಡರ್ ನೋಡುತ್ತಿದ್ದಳು.

ಟೆಲಿಫೋನಜ್ಜಿ ಭೂತಗನ್ನಡಿ ತರಿಸಿಕೊಂಡು ಎರಡು ಸಲ ಓದಿದರು.

"ಎರಡನೇ ದಿನ ನೀನು ಜಾರ್ತೀಯ. ಅವನು ಕಾಯ್ತಾನೆ."

"ಹೌದು ಅತ್ತೆ."

"ಅವನಿಗೆ ಗೊತ್ತಾ?"

"ಸಹಿ ಹಾಕಿದಾರೆ."

ಮುದುಕಿಯ ಭುಜ ಕುಲುಕಿತು. ನಗು ಹೊರಗೆ ಬರಲಿಲ್ಲ. "ನನ್ನ ಸಾಲು ಸರಿಯಿಲ್ಲ. ನಾಲ್ಕು ದಿನಾನೂ ಕುರ್ಚಿ, ಶಾಲು, ಕುರ್ಚಿ, ಶಾಲು. ನಾನೇನು ಸಾಮಾನಾ, ಒಂದ್ಕಡೆ ಇಟ್ಟು ಕಾಯೋಕೆ? ಆ ಕೇಬಲ್ ಕಾರಲ್ಲಿ ತುದೀಗೆ ಹೋಗಿ ಕಾಫಿ ಕುಡೀಬೇಕು. ಬರ್ಕೋ."

ಪಾಳಿಯಮ್ಮನ ಮುಖಕ್ಕೆ ಬಿಸಿಯೇರಿತು. ಗಂಡ ಫಾರಂ ತುಂಬಿದ ಹಾಗೆ, ತಾನೂ ಕೇಳದೆ ಒಬ್ಬರ ಸಾಲು ತುಂಬಿದ್ದಳು. ಬರೆದುಕೊಂಡಳು: ಎರಡನೇ ದಿನ, ತುದಿ, ಕಾಫಿ, ಸೊಸೆಯ ಜೊತೆ.

ಫಾರಂ ಕಳಿಸುವ ಕೊನೆಯ ದಿನ ಡಿಪೋದಲ್ಲಿ ಎರಡು ಬಸ್ಸು ಕೆಟ್ಟು ನಿಂತವು. ಅವಸರದಲ್ಲಿ ಮನೆಗೆ ಬಂದು ನೋಡಿದರೆ ಗಂಡನ ಮೇಜಿನ ಮೇಲೆ ಹೊಸ ಫಾರಂ ಇರಲಿಲ್ಲ. ತುಂಬಿ ಲಕೋಟೆಯಲ್ಲಿಟ್ಟು ಹಳೆಯದನ್ನು ತೆಗೆದಿದ್ದಾರೆ ಎಂದುಕೊಂಡಳು. ಹಾಳೆ ಎಣಿಸಿದಳು, ಆರು. ಅಂಟಿಸಿ ಕಳಿಸಿದಳು. ಪಟ್ಟಿ ಯಾರೂ ಓದುವುದಿಲ್ಲವೆಂದು ಇಪ್ಪತ್ತೆರಡು ವರ್ಷ ನಗುತ್ತಾ ಬಂದವಳು, ಆ ಒಂದು ದಿನ ತಾನೂ ಓದಲಿಲ್ಲ.

ಹಿಮದ ಬೆಟ್ಟದ ಬುಡದಲ್ಲಿ ಮರದ ದೊಡ್ಡ ಕೊಟ್ಟಿಗೆಯಂಥ ಕಟ್ಟಡ. ಒಳಗೆ ಒದ್ದೆ ಉಣ್ಣೆಯ ವಾಸನೆ, ಗೋಡೆ ತುಂಬ ಬೂಟು. ಕೌಂಟರಿನ ಹುಡುಗಿ ಪಟಪಟನೆ ಐದು ಜೊತೆ ಬೂಟು, ಐದು ಶಿರಸ್ತ್ರಾಣ, ಸಂಖ್ಯೆ ಬರೆದ ಐದು ಜಾಕೆಟ್ಟು ಎತ್ತಿಟ್ಟಳು. ಟೆಲಿಫೋನಜ್ಜಿಗೆ ನೇರಳೆ ಬಣ್ಣದ್ದು.

"ಆರನೇದು?" ಎಂದಳು ಪಾಳಿಯಮ್ಮ.

ಹುಡುಗಿ ಕಾಗದ ತಿರುವಿದಳು. "ನಿಮ್ದು 'ಅನ್ವಯಿಸುವುದಿಲ್ಲ' ಅಂತ ಬಂದಿದೆ ಮೇಡಂ. ಬೂಟು ಇಟ್ಟಿಲ್ಲ. ನಾಳೆ ಪಾಠಕ್ಕೆ ಆರೇ ಜನ, ಭರ್ತಿಯಾಗಿದೆ. ಹತ್ತೊಂಬತ್ತು ಜನ ಕಾಯ್ತಿದಾರೆ."

ಪಾಳಿಯಮ್ಮ ಗಂಡನ ಕಡೆ ತಿರುಗಿದಳು. "ಹೊಸಾ ಫಾರಂ ಎಲ್ಲಿ?"

"ಯಾವ ಫಾರಂ?" ಎಂದರು ಮೇಷ್ಟ್ರು.

"ಅದಾ ಅಜ್ಜಿ? ನನ್ನ ಗೋಡೆ ಮೇಲಿದೆ!" ಎಂದಳು ಬುಗುರಿ. "ಅದರ ಹಿಂದೆ ತಾತ ಹಿಮನದಿ ಬರ್ದುಕೊಟ್ರು. ಬಾಣ ಎಲ್ಲ ಹಾಕಿ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹೋಗ್ಲಿ ಬಿಡೆ. ನಿಂಗೆ ಈ ವಯಸ್ಸಲ್ಲಿ ಯಾಕೆ ಈ ಉಸಾಬರಿ? ಅಮ್ಮನ ಜೊತೆ ಆರಾಮಾಗಿ ಕೂತ್ಕೋ."

ಮೊದಲ ದಿನದ ಕಾಯುವ ಪಾಳಿ ಹೇಗೂ ಪಾಳಿಯಮ್ಮನದ್ದೇ. ಇಳಿಜಾರಿನ ಬುಡದ ಬೆಂಚಿನ ಮೇಲೆ, ಉಳಿದವರು ಬಿಟ್ಟುಹೋದ ಚಪ್ಪಲಿ-ಬೂಟುಗಳ ಪಕ್ಕ, ನೇರಳೆ ಜಾಕೆಟ್ಟು ತೊಟ್ಟು ಶಿರಸ್ತ್ರಾಣವನ್ನೂ ಬಿಡದೆ ಹಾಕಿಕೊಂಡ ಅತ್ತೆಯ ಜೊತೆ ಕೂತಳು. ಮೇಷ್ಟ್ರು ಒಂದನೇ ದರ್ಜೆಯ ತಂಡದಲ್ಲಿ ಎಂಟು ವರ್ಷದ ಮಕ್ಕಳ ನಡುವೆ ನಿಂತಿದ್ದರು. ಮಕ್ಕಳು ಬೀಳುತ್ತಿದ್ದವು, ಏಳುತ್ತಿದ್ದವು. ಮೇಷ್ಟ್ರು ಬೀಳುತ್ತಿದ್ದರು, ಬಿದ್ದಲ್ಲೇ ಕೂತು ನೆಲವನ್ನು ಬೈಯುತ್ತಿದ್ದರು.

"ನಾನು ಬರೆದಿದ್ದೆ," ಎಂದರು ಟೆಲಿಫೋನಜ್ಜಿ.

ಮಧ್ಯಾಹ್ನ ಬೆಟ್ಟದ ನೆತ್ತಿಯಿಂದ ಒಂದು ನೀಲಿ ಚುಕ್ಕೆ ಹೊರಟಿತು. ಎಡಕ್ಕೆ ಬಾಗಿ, ಬಲಕ್ಕೆ ಬಾಗಿ, ಹಿಮದ ಮೇಲೆ ಹೊಲಿಗೆ ಹಾಕಿದ ಹಾಗೆ ಇಳಿದು ಬಂದು, ಬೆಂಚಿನ ಮುಂದೆ ಹಿಮ ಎರಚಿ ನಿಂತಿತು. ಕಣ್ಣಿನ ಕವಚ ತೆಗೆದರೆ ಸೊಸೆ. ಆರು ವರ್ಷದಿಂದ ಆ ಮನೆಯಲ್ಲಿ ಯಾರೂ ನೋಡದ ಮುಖ. ಬ್ರೆಡ್ಡು ತಿನ್ನುತ್ತಿದ್ದ ಮಗನ ಬಾಯಿ ತೆರೆದೇ ಇತ್ತು.

"ಇವಳು ಎರಡು ಅಂದಿದ್ಲಲ್ಲ?" ಎಂದ.

"ನೀನು ನಾಲ್ಕು ಅಂದಿದ್ಯಲ್ಲ, ಅದಕ್ಕೇ," ಎಂದಳು ಪಾಳಿಯಮ್ಮ.

ಸಂಜೆ ಕೋಣೆಯಲ್ಲಿ ಮೇಷ್ಟ್ರು ಎರಡು ದಿಂಬಿನ ಮೇಲೆ ಓರೆಯಾಗಿ ಕೂತು ಘೋಷಿಸಿದರು: "ನಾಳೆ ನಾನು ಜಾರಲ್ಲ. ಕೆಳಗೆ ಕೂತು ವೀಕ್ಷಣೆ ಮಾಡ್ತೀನಿ."

"ಕಾಯುವ ಪಾಳಿ ನಿಮ್ದೇ," ಎಂದು ಅವಳು ಪಟ್ಟಿ ತೋರಿಸಿದಳು. "ಸಹಿ ನೋಡಿ."

ಅವರು ಓದಿದರು, ಮೊದಲ ಸಲ. "ಇದು ಡಿಪೋ ಅಲ್ಲ ಕಣೆ!"

"ಡಿಪೋ ಆಗಿದ್ರೆ ಇಷ್ಟು ವರ್ಷ ಯಾರೂ ಸಹಿಸ್ತಿರ್ಲಿಲ್ಲ."

"ಸರಿ, ಸರಿ. ಬುಗುರೀನ ನಾನೇ ನೋಡ್ಕೋತೀನಿ. ಪಾಠ ಅಂತೂ ನಿಂಗೆ ಇಲ್ವಲ್ಲ. ಅಮ್ಮನ ಜೊತೆ ಮೇಲೆ ಹೋಗಿ ಕಾಫಿ ಕುಡಿ." ಉದಾರ ಮನಸ್ಸಿನ ಮನುಷ್ಯನ ಹಾಗೆ ಹೇಳಿ ಬಿಸಿನೀರಿನ ಚೀಲ ಹುಡುಕಲು ಹೋದರು.

ಪಾಳಿಯಮ್ಮ ಹಸಿರು ಗೆರೆಯ ಮೇಲೆ ಬೆರಳಿಟ್ಟುಕೊಂಡು ಕೂತಳು. ಮೂವತ್ತೆರಡು ವರ್ಷದಲ್ಲಿ ಒಂದು ಬೆಳಿಗ್ಗೆ. ಅದಕ್ಕೂ ಬೂಟಿಲ್ಲ.

"ಡಿಪೋದಲ್ಲಿ ಸಹಿ ಆದ್ಮೇಲೆ ಪಟ್ಟಿ ಬದಲಾಯಿಸೋಕೆ ಆಗಲ್ವಾ?" ಟೆಲಿಫೋನಜ್ಜಿಯ ದನಿ ಹಳೆಯ ಸ್ವಿಚ್‌ಬೋರ್ಡಿನಿಂದ ಬಂದಂತೆ ತಣ್ಣಗಿತ್ತು.

"ಆಗಲ್ಲ ಅತ್ತೆ. ಇಬ್ಬರು ಡ್ರೈವರುಗಳು ಪರಸ್ಪರ ಒಪ್ಪಿ ಬರೆದುಕೊಟ್ರೆ ಮಾತ್ರ."

"ಹಂಗಾದ್ರೆ ಪೆನ್ನು ತಾ." ಅಜ್ಜಿ ಕಾಲು ಮುಂದೆ ಚಾಚಿದರು. "ನಿನ್ನ ಕಾಲೂ ಆರು. ಮಳೆಗಾಲದಲ್ಲಿ ನಿನ್ನ ಚಪ್ಪಲಿ ಹಾಕ್ಕೊಂಡು ಹಿತ್ತಲಿಗೆ ಹೋಗೋಳು ನಾನು, ನನಗೆ ಗೊತ್ತಿಲ್ವಾ? ನಂಗೆ ಬೂಟಿದೆ, ಜಾಕೆಟ್ಟಿದೆ, ನಾಳೆ ಹತ್ತು ಗಂಟೆಗೆ ಪಾಠ ಇದೆ. ಆ ಮಗು ಬರೆದ 'ಹೌದು'."

ಪಾಳಿಯಮ್ಮ ಅತ್ತೆಯ ಮುಖ ನೋಡಿದಳು. ನಗಬೇಕೋ ಅಳಬೇಕೋ ತಿಳಿಯದೆ, ಅಭ್ಯಾಸಬಲದಿಂದ ಪಟ್ಟಿಯ ಹಿಂಬದಿಯಲ್ಲಿ ಬರೆಯತೊಡಗಿದಳು: ಪರಸ್ಪರ ಬದಲಿ. ಇಬ್ಬರೂ ಸಹಿ ಹಾಕಿದರು. ಸಾಕ್ಷಿಗೆ ಸೊಸೆ.

"ಅವನಿಗೆ ಹೇಳೋದು ಬೇಡ," ಎಂದರು ಅಜ್ಜಿ. "ಪಟ್ಟಿ ಇಲ್ಲೇ ಮೇಜಿನ ಮೇಲಿರುತ್ತೆ. ಬೇಕಾದ್ರೆ ಓದ್ಲಿ."

ಅವರು ಓದಲಿಲ್ಲ.

ಮರುದಿನ ಬೆಳಿಗ್ಗೆ ಹೊಸಬರ ಇಳಿಜಾರಿನ ಮೇಲ್ತುದಿಯಲ್ಲಿ ಐದು ಮಕ್ಕಳು, ಒಂದು ನೇರಳೆ ಜಾಕೆಟ್ಟು. ಕೌಂಟರಿನವರು ಪಾಳಿಯಮ್ಮನನ್ನು ತೂಗಿ, ಹಲಗೆಯ ಕಟ್ಟು ಸರಿಮಾಡಿಕೊಟ್ಟಿದ್ದರು. ಎದೆಯ ಮೇಲಿನ ಚೀಟಿಯಲ್ಲಿ ಮಾತ್ರ ಸಂಖ್ಯೆ ಆರು, ವಯಸ್ಸು ಎಪ್ಪತ್ತಾರು ಎಂದೇ ಇತ್ತು. ಕಲಿಸುವ ಹುಡುಗಿ ಅದನ್ನು ಓದಿ, ಕಣ್ಣಿನ ಕವಚದ ಹಿಂದಿನ ಮುಖವನ್ನು ಭಕ್ತಿಯಿಂದ ನೋಡಿದಳು.

"ಅಜ್ಜಿ, ನಿಮ್ಮ ಚರ್ಮ ಎಷ್ಟು ಚೆನ್ನಾಗಿದೆ!"

"ಡೀಸೆಲ್ ಹೊಗೆ," ಎಂದಳು ಪಾಳಿಯಮ್ಮ.

"ಮಂಡಿ ಬಗ್ಗಿಸಿ. ಅಬ್ಬಾ! ಮಕ್ಕಳೇ, ನೋಡಿ, ಈ ವಯಸ್ಸಲ್ಲೂ ಎಷ್ಟು ಸಲೀಸಾಗಿ ಬಗ್ಗಿಸ್ತಾರೆ!" ಮಕ್ಕಳು ಚಪ್ಪಾಳೆ ತಟ್ಟಿದರು. ಮೂವತ್ತೆರಡು ವರ್ಷದಿಂದ ಮಂಚದ ಕೆಳಗೆ ಬಗ್ಗಿ ಒರೆಸಿದ ಮಂಡಿಗೆ ಅದು ಮೊದಲ ಚ‌ಪ್ಪಾಳೆ.

ಎರಡು ಸಲ ಬಿದ್ದಳು. ಎರಡು ಸಲವೂ ಐದು ಮಕ್ಕಳು ಎತ್ತಲು ಓಡಿಬಂದರು. ಸೊಂಟದ ಬಲಗಡೆ ಚುರುಗುಟ್ಟಿತು. ಆಮೇಲೆ ಹುಡುಗಿ, "ಈಗ ನಿಮ್ಮಷ್ಟಕ್ಕೆ ನೀವೇ ಹೋಗಿ ಅಜ್ಜಿ," ಎಂದಳು. ಹಲಗೆಯ ತುದಿ ಕೆಳಮುಖವಾಯಿತು. ಕೆಳಗೆ ದೂರದಲ್ಲಿ ಬೆಂಚು, ಚಪ್ಪಲಿಗಳ ಗುಡ್ಡೆ, ಅದರ ಸುತ್ತ ತಿರುಗುವ ಬುಗುರಿ, ಅವಳ ಹಿಂದೆ ಕೈಗವಸು, ನೀರಿನ ಬಾಟಲಿ, ಒದ್ದೆ ಟೋಪಿ ಹಿಡಿದು ಓಡುವ ಮೇಷ್ಟ್ರು. ಪಾಳಿಯಮ್ಮ ಕೋಲನ್ನು ನೆಲಕ್ಕೆ ಊರಿ ತಳ್ಳಿದಳು.

ಗಾಳಿ. ಹೊಟ್ಟೆಯೊಳಗೆ ಏನೋ ಹಿಂದೆಯೇ ಉಳಿಯಿತು. ಅವಳ ಬಾಯಿ ತೆರೆಯಿತು, ಮುಚ್ಚಲಿಲ್ಲ.

"ದಾರಿ ಬಿಡೀ!" ಹುಡುಗಿ ಮೇಲಿಂದ ಕೂಗಿದಳು. "ಎಪ್ಪತ್ತಾರು ವರ್ಷದ ಅಜ್ಜಿ ಬರ್ತಿದಾರೆ!"

ಮೇಷ್ಟ್ರು ತಲೆಯೆತ್ತಿದರು. ಎಪ್ಪತ್ತಾರು. ನೇರಳೆ ಜಾಕೆಟ್ಟು. ಕೈಯಲ್ಲಿದ್ದದ್ದೆಲ್ಲ ಉದುರಿತು.

"ಅಮ್ಮಾ! ಅಯ್ಯೋ ಅಮ್ಮಾ! ನಿಲ್ಲು! ಮಂಡಿ!"

ನಿಲ್ಲುವುದು ಹೇಗೆಂದು ಕಲಿತಿದ್ದಳು, ಆದರೆ ನೆನಪು ಮಾಡಿಕೊಳ್ಳುವ ಮನಸ್ಸಾಗಲಿಲ್ಲ. ನೇರವಾಗಿ ಬಂದು ಚಪ್ಪಲಿಗಳ ಗುಡ್ಡೆಗೆ ನುಗ್ಗಿ ಕೂತಳು. ಜೊತೆಗಳೆಲ್ಲ ದಿಕ್ಕಾಪಾಲು. ಮೇಷ್ಟ್ರು ಹಿಮದಲ್ಲಿ ಮಂಡಿಯೂರಿ ಎರಡೂ ಕೈಯಿಂದ ಅವಳ ಕಾಲು ಹಿಡಿದುಕೊಂಡರು. "ಪೆಟ್ಟಾಯ್ತಾ ಅಮ್ಮ? ಎಲ್ಲಿ ನೋವು? ಅವಳು ಎಲ್ಲಿ ಹಾಳಾಗಿ ಹೋದ್ಲು, ನಿನ್ನ ಜೊತೆ ಇರು ಅಂದಿದ್ನಲ್ಲ!"

ಅವಳು ಕಣ್ಣಿನ ಕವಚ ಮೇಲಕ್ಕೆತ್ತಿದಳು.

"ನಿಮ್ಮಮ್ಮ ಬೆಟ್ಟದ ತುದೀಲಿ ಕಾಫಿ ಕುಡೀತಿದಾರೆ ಕಣ್ರೀ. ಕಾಲು ಬಿಡಬೇಡಿ, ಹಾಗೇ ಹಿಡ್ಕೊಂಡಿರಿ. ಚೆನ್ನಾಗಿದೆ."

ಬುಗುರಿ ಕುಣಿದಳು: "ಅಜ್ಜಿ, ಇನ್ನೊಂದ್ಸಲ!"

"ಹ್ಞೂಂ, ಇನ್ನೊಂದ್ಸಲ," ಎಂದಳು ಪಾಳಿಯಮ್ಮ, ಏಳುತ್ತಾ. ಒಂದೇ ಸಲ ಎಂದುಕೊಂಡಿದ್ದು ಅವಳಿಗೆ ಪೂರ್ತಿ ಮರೆತುಹೋಗಿತ್ತು. "ರೀ, ಆ ಚಪ್ಪಲಿ ಜೋಡಿಸಿಡಿ. ಎಡಕ್ಕೆ ಎಡ, ಬಲಕ್ಕೆ ಬಲ."

ಸ್ಕೀ ಶಾಲೆಯವರು ಕೊಟ್ಟ ಪ್ರಮಾಣಪತ್ರ ಈಗ ಟೆಲಿಫೋನಜ್ಜಿಯ ಕೋಣೆಯಲ್ಲಿ ಚೌಕಟ್ಟಿನೊಳಗಿದೆ: ಎಪ್ಪತ್ತಾರರ ಹರೆಯದಲ್ಲಿ ಒಂದನೇ ದರ್ಜೆ ತೇರ್ಗಡೆ. ಬಂದವರಿಗೆಲ್ಲ ಅಜ್ಜಿ ಅದನ್ನು ತೋರಿಸುತ್ತಾರೆ. ಎರಡು ಸಲ ಬಿದ್ದದ್ದು, ಐದು ಮಕ್ಕಳು ಎತ್ತಿದ್ದು, ಕೊನೆಗೆ ಚಪ್ಪಲಿಗಳಲ್ಲಿ ಕೂತದ್ದು, ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ತುದಿಯ ಕಾಫಿ ಅಂಗಡಿಯಲ್ಲಿ ದುರ್ಬೀನು ಇತ್ತು. ಪ್ರಮಾಣಪತ್ರ ಅತ್ತೆಗೆ, ಸೊಂಟದ ನೀಲಿ ಕಲೆ ಪಾಳಿಯಮ್ಮನಿಗೆ. ಈ ಹಂಚಿಕೆಯ ಬಗ್ಗೆ ಇಬ್ಬರಲ್ಲೂ ತಕರಾರಿಲ್ಲ.

ಮುಂದಿನ ವರ್ಷದ ಫಾರಂಗಳು ಮೊನ್ನೆ ಬಂದವು. ಬಿಸ್ಕತ್ತು ಡಬ್ಬದಿಂದ ಚೀಟಿ ಎತ್ತಿದರೆ ಮೇಷ್ಟ್ರಿಗೆ ಮತ್ತೆ ಹೆಂಡತಿಯ ಹೆಸರೇ ಬಂತು. ಅವರು ಎದ್ದುಹೋಗಿ ಅಳತೆಪಟ್ಟಿ ತಂದರು. ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು, ಕನ್ನಡಕ ಹಾಕಿಕೊಂಡು ಎರಡು ಸಲ. ಅವಳ ಚಪ್ಪಲಿ ತಿರುಗಿಸಿ ಅಂಕಿ ಬರೆದುಕೊಂಡರು. ಪಾಠ ಬೇಕೇ, ಹೌದು. ಆಮೇಲೆ ಪೆನ್ನು ಗಾಳಿಯಲ್ಲೇ ನಿಂತಿತು.

"ತೂಕ?" ಎಂದರು ಮೆಲ್ಲಗೆ. "ಕೇಳಿದ್ರೆ ಬೈತೀಯ."

"ಕೇಳಿ ನೋಡಿ," ಎಂದಳು ಪಾಳಿಯಮ್ಮ.

ಕೇಳಿದರು. ಬೈದಳು. ಬರೆದುಕೊಂಡರು.